ಆಯುಧಪೂಜೆ ಗಾಡಿಯ ಹೊರಗಷ್ಟೇ ಅಲ್ಲ, ಒಳಗೂ ಆಗಲಿ



ಆಯುಧಪೂಜೆ ಹತ್ತಿರ ಬಂತು. ಆ ದಿನ ಬೆಳಿಗ್ಗೆ ಗುಬ್ಬಿ, ಕುಣಿಗಲ್ ಕಡೆಯ ಯಾವ ಹಳ್ಳಿಗೆ ಹೋದರೂ ಪೈಪು ಹಿಡಿದು ಗಾಡಿ ತೊಳೆಯುವವರೇ ಕಾಣುತ್ತಾರೆ. ಬೈಕು, ಟ್ರ್ಯಾಕ್ಟರು, ಓಮ್ನಿ, ಲಗೇಜ್ ಆಟೋ ಎಲ್ಲಕ್ಕೂ ವಿಭೂತಿ, ಕುಂಕುಮ, ಹೂವಿನ ಹಾರ. ಬಾಳೆಕಂದು ಕಟ್ಟಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಬೂದುಗುಂಬಳ ಒಡೆಯುತ್ತೇವೆ. ಹೊರಗಿನಿಂದ ನೋಡಿದರೆ ಗಾಡಿ ಮದುವಣಗಿತ್ತಿಯ ಹಾಗೆ ಹೊಳೆಯುತ್ತಿರುತ್ತದೆ. ಅದೇ ಗಾಡಿಯ ಹಿಂದಿನ ಬಾಗಿಲು ತೆಗೆದು ಒಳಗೆ ತಲೆ ಹಾಕಿ ನೋಡಿ. ಮುಗ್ಗಲು ವಾಸನೆ. ಮ್ಯಾಟಿನ ಕೆಳಗೆ ತೇವ, ಸೀಟಿನ ಸಂದಿಯಲ್ಲಿ ಬೂದು ಬಣ್ಣದ ಪುಡಿ, ಮೂಲೆಯಲ್ಲಿ ಹಿಂದಿನ ತಿಂಗಳು ಚೆಲ್ಲಿದ ಫೀಡು ಗಟ್ಟಿಯಾಗಿ ಹಸಿರು ತಿರುಗಿರುತ್ತದೆ.

ಈ ಸಲ ಕೆಚ್ಚಲು ಬಾವು, ಕಾಲುಬಾಯಿ ಜ್ವರದ ಬಗ್ಗೆ ಬರೆಯುತ್ತೇನೆ ಅಂದುಕೊಂಡಿದ್ದವರಿಗೆ ನಿರಾಸೆ ಆಗಬಹುದು. ಇವತ್ತು ನಾನು ಬರೆಯುತ್ತಿರುವುದು ಗಾಡಿಯ ಒಳಗಿನ ಬೂಷ್ಟಿನ ಬಗ್ಗೆ. ಹಸು ಡಾಕ್ಟರಿಗೂ ಗಾಡಿಗೂ ಏನು ಸಂಬಂಧ ಎಂದು ಕೇಳಬೇಡಿ. ನನ್ನ ಅಭಿಪ್ರಾಯ ಇಷ್ಟೇ: ಯಾವ ಗಾಡಿಯಲ್ಲಿ ಫೀಡಿನ ಚೀಲ, ಹಿಂಡಿ, ಹುಲ್ಲು, ಹಾಲಿನ ಕ್ಯಾನು ಓಡಾಡುತ್ತದೋ ಆ ಗಾಡಿ ನಿಮ್ಮ ಕೊಟ್ಟಿಗೆಯ ಒಂದು ಭಾಗ. ಕೊಟ್ಟಿಗೆಗೆ ಇರುವ ನಿಯಮವೇ ಅದಕ್ಕೂ ಇರಬೇಕು. ಆ ನಿಯಮ ಮಾಡುವ ಅಧಿಕಾರವೂ ಕೊಟ್ಟಿಗೆ ನೋಡಿಕೊಳ್ಳುವವರಿಗೇ, ಅಂದರೆ ನಿಮಗೇ ಇರಬೇಕು.

ವಾಸನೆ ಗೊತ್ತಿತ್ತು, ಹೇಳಲಿಲ್ಲ

ಹೋದ ವರ್ಷ ಚಿತ್ತಾ ಮಳೆ ಹಿಡಿದಾಗ ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿಯಿಂದ ಕರೆ ಬಂತು. ಎಚ್.ಎಫ್. ಹಸು, ಎರಡನೇ ಸೂಲು. ಮೂರು ದಿನದಿಂದ ಸರಿಯಾಗಿ ಮೇವು ತಿನ್ನುತ್ತಿಲ್ಲ, ಸಗಣಿ ತೆಳ್ಳಗಾಗಿದೆ, ಹಾಲು ಇಳಿದಿದೆ. ಜ್ವರ ಇಲ್ಲ. ಕೆಚ್ಚಲು ಚೆನ್ನಾಗಿದೆ. ಫೀಡು ತೋರಿಸಿ ಅಂದೆ. ಡ್ರಮ್ಮಿನಲ್ಲಿದ್ದ ಫೀಡು ಚೆನ್ನಾಗಿಯೇ ಇತ್ತು. ಈಗ ಹಾಕುತ್ತಿರುವುದು ಇದೇನಾ ಎಂದು ಕೇಳಿದಾಗ ಆ ಅಕ್ಕ ಅಂಗಳದಲ್ಲಿದ್ದ ಓಮ್ನಿಯತ್ತ ಕೈ ತೋರಿಸಿದರು. ಡ್ರಮ್ಮು ತುಂಬಿತ್ತು, ಅದಕ್ಕೆ ಹೊಸ ಚೀಲ ಗಾಡಿಯಲ್ಲೇ ಬಿಟ್ಟು, ಅಲ್ಲಿಂದಲೇ ದಿನವೂ ಮೊಗೆದು ಹಾಕುತ್ತಿದ್ದರು.

ಗಾಡಿಯ ಬಾಗಿಲು ತೆಗೆದೆವು. ಹಿಂದಿನ ಬಾಗಿಲಿನ ರಬ್ಬರು ಬಿರುಕು ಬಿಟ್ಟು ಮಳೆ ನೀರು ಒಳಗೆ ಇಳಿದಿತ್ತು. ಚೀಲದ ತಳ ನೆನೆದು, ಒಳಗೆ ಫೀಡು ಉಂಡೆ ಕಟ್ಟಿ ಹಸಿರು ಬೂಷ್ಟು ಹಿಡಿದಿತ್ತು. ಸೀಟಿನ ಹಿಂಬದಿಗೂ ಬಿಳಿ ಬೂಷ್ಟು. ಆ ಅಕ್ಕ ಮೆಲ್ಲಗೆ ಹೇಳಿದ ಮಾತು ನನಗೆ ಇವತ್ತಿಗೂ ಮರೆತಿಲ್ಲ. "ವಾಸ್ನೆ ಬರ್ತಾನೇ ಇತ್ತು ಡಾಕ್ಟ್ರಮ್ಮ. ಗಾಡಿ ನಮ್ಮೋರ್ದು, ನಾನ್ಯಾಕೆ ಬಾಯಿ ಹಾಕ್ಲಿ ಅಂತ ಸುಮ್ನಿದ್ದೆ."

ಫೀಡು ನಿಲ್ಲಿಸಿ ಚಿಕಿತ್ಸೆ ಕೊಟ್ಟ ಮೇಲೆ ಹಸು ಸುಧಾರಿಸಿತು. ಹಾಲು ಮೊದಲಿನ ಮಟ್ಟಕ್ಕೆ ಬರಲು ಎರಡು ವಾರ ಹಿಡಿಯಿತು.

ಈ ವಿಷಯದಲ್ಲಿ ನಾನೇನೂ ದೊಡ್ಡವಳಲ್ಲ. ನನ್ನದೇ ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ಇದೇ ಆಗಿದೆ. ಒದ್ದೆ ರೇನ್‌ಕೋಟು, ಗಂಬೂಟು, ಲಸಿಕೆಯ ಐಸ್ ಬಾಕ್ಸು ಎಲ್ಲವನ್ನೂ ಹಿಂದಿನ ಸೀಟಿಗೆ ಎಸೆದು ಓಡಾಡುತ್ತಿದ್ದೆ. ಒಂದು ಮಳೆಗಾಲದಲ್ಲಿ ಹತ್ತು ದಿನ ಊರಿಗೆ ಹೋಗಿದ್ದೆ. ತುಮಕೂರಿಗೆ ವಾಪಸ್ ಬಂದು ಕಾರಿನ ಬಾಗಿಲು ತೆಗೆದರೆ ಸ್ಟೇರಿಂಗಿನ ಮೇಲೂ ಬೂಷ್ಟು! ಒಂದು ಮಲ್ಲಿಗೆ ವಾಸನೆಯ ಡಬ್ಬಿ ತಂದಿಟ್ಟು ಎಸಿ ಹಾಕಿಕೊಂಡು ಓಡಿಸಿದೆ. ವಾರದಲ್ಲಿ ನನಗೆ ಸೀನು, ಕೆಮ್ಮು, ರಾತ್ರಿ ಉಬ್ಬಸ. ಹೆಬ್ಬಾಳದ ಕಾಲೇಜಿನಲ್ಲಿ ಪಶುವೈದ್ಯಕೀಯ ಓದಿದವಳು, ದನಗಳಿಗೆ ಬೂಷ್ಟು ಮೇವು ಹಾಕಬೇಡಿ ಎಂದು ಊರೂರಿಗೆ ಹೇಳುವವಳು, ನಾನೇ ಬೂಷ್ಟಿನೊಳಗೆ ಕೂತು ಉಸಿರಾಡುತ್ತಿದ್ದೆ.

ಸೀಟಿನ ಬೂಷ್ಟು ಹಾಲಿಗೆ ಹೇಗೆ ಬರುತ್ತದೆ?

ಬೂಷ್ಟಿಗೆ ಬೇಕಾಗಿರುವುದು ಮೂರೇ: ತೇವ, ಬೆಚ್ಚನೆಯ ಜಾಗ, ತಿನ್ನಲು ಏನಾದರೂ. ಬಾಗಿಲು ಮುಚ್ಚಿದ ಗಾಡಿಯಲ್ಲಿ ಮೂರೂ ಇವೆ. ಹಗಲು ಬಿಸಿಲಿಗೆ ಒಳಗಿನ ತೇವ ಆವಿಯಾಗುತ್ತದೆ, ರಾತ್ರಿ ತಣ್ಣಗಾದಾಗ ಗಾಜು, ತಗಡು, ಚೀಲದ ಮೇಲೆ ಬೆವರಿನಂತೆ ಕೂರುತ್ತದೆ. ಚೆಲ್ಲಿದ ಹಾಲು, ಫೀಡಿನ ಪುಡಿ, ಹುಲ್ಲಿನ ಚೂರು, ಸೀಟಿನ ಬಟ್ಟೆ ಎಲ್ಲವೂ ಅದಕ್ಕೆ ಊಟ. ಒದ್ದೆಯಾದ ವಸ್ತು 24ರಿಂದ 48 ಗಂಟೆಯೊಳಗೆ ಒಣಗದಿದ್ದರೆ ಬೂಷ್ಟು ಬೇರೂರಲು ಶುರು ಮಾಡುತ್ತದೆ.

ಸೀಟಿನ ಮೇಲೆ ಕಾಣುವ ಬೂಷ್ಟೆಲ್ಲ ವಿಷ ಅಂತ ನಾನು ಹೆದರಿಸುವುದಿಲ್ಲ. ಬೂಷ್ಟಿನಲ್ಲಿ ನೂರಾರು ಜಾತಿ. ಯಾವುದು ವಿಷ ಬಿಡುತ್ತದೆ, ಯಾವುದು ಬಿಡುವುದಿಲ್ಲ ಎಂದು ಕಣ್ಣಿನಿಂದ ನೋಡಿ ಹೇಳಲು ನಿಮಗೂ ಬರುವುದಿಲ್ಲ, ನನಗೂ ಬರುವುದಿಲ್ಲ. ಅದಕ್ಕೆ ಪ್ರಯೋಗಾಲಯವೇ ಬೇಕು. ಆದರೆ ಸೀಟಿಗೆ ಬೂಷ್ಟು ತರಿಸಿದ ತೇವವೇ ಪಕ್ಕದಲ್ಲಿರುವ ಚೀಲಕ್ಕೂ ಇಳಿಯುತ್ತದೆ. ಪಶು ಆಹಾರದಲ್ಲಿ ತೇವಾಂಶ ಶೇ 11 ಮೀರಬಾರದು ಎನ್ನುವುದು ಭಾರತೀಯ ಮಾನಕ. ನಮ್ಮ ಗುಬ್ಬಿಯಲ್ಲೇ ಕೆ.ಎಂ.ಎಫ್.ನ ಪಶು ಆಹಾರ ಘಟಕ ಇದೆ. ಯಾವ ಘಟಕದಲ್ಲಿ ಎಷ್ಟೇ ಒಣಗಿಸಿ ಚೀಲ ಹೊಲಿದರೂ ಒದ್ದೆ ಗಾಡಿಯಲ್ಲಿ ನಾಲ್ಕು ದಿನ ಕೂತರೆ ಆ ಶ್ರಮವೆಲ್ಲ ನೀರುಪಾಲು.

ಫೀಡು, ಮೆಕ್ಕೆಜೋಳ, ಕಡಲೆಕಾಯಿ ಹಿಂಡಿ, ಹತ್ತಿಬೀಜದ ಹಿಂಡಿಯ ಮೇಲೆ ಬೆಳೆಯುವ ಕೆಲವು ಬೂಷ್ಟು ಬಿಡುವ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಹುಡುಕಿದಾಗ ಸಿಕ್ಕಿದ್ದು ಬ್ರೆಜಿಲ್‌ನಿಂದ ತರಿಸಿದ, ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ. ಈ ವಿಷವನ್ನು ಜಗತ್ತು ಗುರುತಿಸಿದ್ದು ಹಾಗೆ. ಪಾವಗಡ, ಶಿರಾ ಸೀಮೆಯಲ್ಲಿ ಕಡಲೆಕಾಯಿ ಬೆಳೆಯುವ, ಹಿಂಡಿ ಕೊಳ್ಳುವ ನಮ್ಮ ಜಿಲ್ಲೆಗೆ ಇದು ದೂರದ ಕಥೆಯಲ್ಲ.

ಹಸು ಈ ವಿಷ ತಿಂದರೆ ಅದರ ಒಂದು ಪಾಲು ಎಂ1 ಎಂಬ ರೂಪದಲ್ಲಿ ಹಾಲಿಗೆ ಬರುತ್ತದೆ. ತಿಂದ ಒಂದು ದಿನದೊಳಗೇ ಹಾಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಆ ಮೇವು ನಿಲ್ಲಿಸಿದರೆ ಮೂರು ನಾಲ್ಕು ದಿನದಲ್ಲಿ ಇಳಿಯುತ್ತದೆ. ಹಾಲು ಕಾಯಿಸಿದರೆ ಇದು ಹೋಗುವುದಿಲ್ಲ, ಪಾಶ್ಚರೀಕರಣದಿಂದಲೂ ಹೋಗುವುದಿಲ್ಲ. ಹೆಚ್ಚು ದಿನ ದೇಹಕ್ಕೆ ಹೋದರೆ ಯಕೃತ್ತಿಗೆ ಕೇಡು, ಕ್ಯಾನ್ಸರಿಗೂ ಕಾರಣ. ಹಾಲಿನಲ್ಲಿ ಇದು ಕೆ.ಜಿ.ಗೆ ಅರ್ಧ ಮೈಕ್ರೋಗ್ರಾಂ ಮೀರಬಾರದು ಎಂದು ನಮ್ಮ ದೇಶದ ನಿಯಮ. ಅಂದರೆ ಸಾವಿರ ಕೆ.ಜಿ. ಹಾಲಿನಲ್ಲಿ ಅರ್ಧ ಮಿಲಿಗ್ರಾಂ. ಎಷ್ಟು ಸಣ್ಣ ಪ್ರಮಾಣ ನೋಡಿ.

2018ರಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 6,432 ಹಾಲಿನ ಮಾದರಿಗಳನ್ನು ಪರೀಕ್ಷೆ ಮಾಡಿಸಿತು. ಕಲಬೆರಕೆಯಿಂದಾಗಿ ಕುಡಿಯಲು ಯೋಗ್ಯವಲ್ಲ ಅನ್ನಿಸಿದ್ದು 12 ಮಾತ್ರ. ಅಫ್ಲಾಟಾಕ್ಸಿನ್ ಮಿತಿ ಮೀರಿದ್ದು 368. ಹಾಲಿಗೆ ನೀರು ಬೆರೆಸುವವರ ಬಗ್ಗೆ ನಾವು ಸಭೆಗಳಲ್ಲಿ ಗಂಟೆಗಟ್ಟಲೆ ಮಾತಾಡುತ್ತೇವೆ. ಬೂಷ್ಟಿನ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಸಂಘದಲ್ಲಿ ಹಾಲು ಅಳೆಯುವಾಗ ಫ್ಯಾಟು, ಎಸ್.ಎನ್.ಎಫ್. ಗೊತ್ತಾಗುತ್ತದೆ. ಈ ವಿಷ ಅದರಲ್ಲಿ ಗೊತ್ತಾಗುವುದಿಲ್ಲ. ಡೇರಿಗೆ ಹಾಲು ಹಾಕುವ ಮೊದಲು ಒಂದು ಲೋಟ ತೆಗೆದಿಡುವುದು ನಿಮ್ಮ ಮನೆಯ ಮಗುವಿಗೆ. ಮೊದಲು ಕುಡಿಯುವುದು ಅದೇ.

ಹಸುವಿಗೂ ಕಷ್ಟ ಕಡಿಮೆ ಇಲ್ಲ. ಮೇವು ಬಿಡುವುದು, ಹಾಲು ಇಳಿಯುವುದು, ಬೆದೆಗೆ ಸರಿಯಾಗಿ ಬಾರದಿರುವುದು, ಮೈ ಒಣಗುವುದು. ಗಬ್ಬದ ಹಸು ಕೊನೆಯ ತಿಂಗಳುಗಳಲ್ಲಿ ಕಂದು ಹಾಕುವುದಕ್ಕೆ ಬೂಷ್ಟು ಹಿಡಿದ ಮೇವೂ ಒಂದು ಕಾರಣ.

ಬೂಷ್ಟು ತೆಗೆಯುವುದು ಹೇಗೆ?

ಮೊದಲನೆಯದಾಗಿ, ಪೈಪು ಹಿಡಿದು ಗಾಡಿಯ ಒಳಗೆ ನೀರು ಬಿಡಬೇಡಿ. ಹಬ್ಬದ ಉತ್ಸಾಹದಲ್ಲಿ ಬಹಳ ಜನ ಮಾಡುವ ತಪ್ಪು ಇದೇ. ಸೀಟಿನ ಸ್ಪಂಜು ನೀರು ಕುಡಿದರೆ ವಾರವಾದರೂ ಒಣಗುವುದಿಲ್ಲ.

ಎರಡನೆಯದಾಗಿ, ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ. ಬೂಷ್ಟು ಒರೆಸಿ ಸೋರಿಕೆ ಬಿಟ್ಟರೆ ಹದಿನೈದು ದಿನದಲ್ಲಿ ಮತ್ತೆ ಅದೇ ಕಥೆ. ಬಾಗಿಲಿನ ಸುತ್ತಲ ರಬ್ಬರು, ಮುಂದಿನ ಗಾಜಿನ ಅಂಚು, ತಳದ ತೂತುಗಳನ್ನು ನೋಡಿ. ಕಾಯಿ ಬೀಳುತ್ತದೆಂದು ತೆಂಗಿನ ಮರದ ಕೆಳಗೆ ನಿಲ್ಲಿಸದವರೂ ಹಲಸಿನ ಮರದ ಕೆಳಗೆ ನಿಲ್ಲಿಸುತ್ತಾರೆ. ಮುಂದಿನ ಗಾಜಿನ ಕೆಳಗೆ ಎಲೆ ಕಟ್ಟಿಕೊಂಡರೆ ನೀರು ಹೊರಗೆ ಹೋಗಲು ದಾರಿ ಇಲ್ಲದೆ ಒಳಗೆ ಇಳಿಯುತ್ತದೆ. ಎಸಿ ಇದ್ದರೆ ಅದರ ನೀರು ಹೋಗುವ ಸಣ್ಣ ಪೈಪು ಕಟ್ಟಿಕೊಂಡಿದೆಯೇ ಎಂದು ಮೆಕ್ಯಾನಿಕ್ ಹತ್ತಿರ ನೋಡಿಸಿ. ಎಸಿಯ ಫಿಲ್ಟರೂ ಬದಲಾಯಿಸಿಬಿಡಿ. ನನ್ನ ಕಾರಿನ ಕೆಮ್ಮಿಗೆ ಕೊನೆಗೆ ಸಿಕ್ಕ ಮದ್ದು ಅದೇ.

ಇನ್ನು ಕೆಲಸ. ಒಳ್ಳೆ ಬಿಸಿಲಿರುವ ದಿನ ನೋಡಿ ಎಲ್ಲ ಬಾಗಿಲು ತೆಗೆದಿಡಿ. ಮೂಗು ಬಾಯಿಗೆ ಮಾಸ್ಕ್, ಇಲ್ಲದಿದ್ದರೆ ಬಟ್ಟೆಯನ್ನಾದರೂ ಎರಡು ಮಡಿಕೆ ಮಾಡಿ ಕಟ್ಟಿಕೊಳ್ಳಿ. ಉಬ್ಬಸ ಇರುವವರು, ಬಸುರಿಯರು, ಮಕ್ಕಳು ಈ ಕೆಲಸಕ್ಕೆ ಬರಬಾರದು. ಒಣ ಪೊರಕೆಯಲ್ಲಿ ಗುಡಿಸಬೇಡಿ, ಬೂಷ್ಟಿನ ಪುಡಿ ಹಾರಿ ಎಲ್ಲ ಕಡೆ ಕೂರುತ್ತದೆ, ಎದೆಗೂ ಇಳಿಯುತ್ತದೆ. ಮ್ಯಾಟು ಹೊರಗೆ ತೆಗೆದು ಸೋಪಿನ ಪುಡಿ ಹಾಕಿ ತಿಕ್ಕಿ ಬಿಸಿಲಿಗೆ ಹಾಕಿ. ಡ್ಯಾಶ್‌ಬೋರ್ಡು, ಬಾಗಿಲು, ಸ್ಟೇರಿಂಗಿನಂಥ ಗಟ್ಟಿ ಜಾಗವನ್ನು ಸೋಪಿನ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಮತ್ತೆ ಒಣ ಬಟ್ಟೆಯಿಂದ ಒರೆಸಿ. ಸೀಟಿನ ಬಟ್ಟೆಗೆ ಬಿಳಿ ವಿನೆಗರ್ ಸ್ವಲ್ಪ ನೀರು ಬೆರೆಸಿ ಚಿಮುಕಿಸಿ, ಒಂದು ಗಂಟೆ ಬಿಟ್ಟು ಬ್ರಶ್ಶಿನಲ್ಲಿ ತಿಕ್ಕಿ, ಒರೆಸಿ. ಹುಳಿ ವಾಸನೆ ಬಿಸಿಲಿಗೆ ಹೋಗುತ್ತದೆ. ಒರೆಸಿದ ಬಟ್ಟೆಯನ್ನು ಮನೆಯ ಬಟ್ಟೆ ಜತೆ ಹಾಕಬೇಡಿ, ಹಾಲಿನ ಕ್ಯಾನಿಗಂತೂ ಮುಟ್ಟಿಸಬೇಡಿ. ಸ್ಪಂಜಿನ ಒಳಗೇ ಬೂಷ್ಟು ಇಳಿದಿದ್ದರೆ ಆ ಸ್ಪಂಜು ತೆಗೆಸಿ ಬೇರೆ ಹಾಕಿಸಿ. ಅದನ್ನು ತೊಳೆದು ಉಳಿಸಿಕೊಳ್ಳಲು ಆಗುವುದಿಲ್ಲ.

ಒಂದು ಎಚ್ಚರಿಕೆ. ಬ್ಲೀಚಿಂಗ್ ಪೌಡರನ್ನು ವಿನೆಗರ್ ಜತೆಗಾಗಲಿ ಬಚ್ಚಲು ತೊಳೆಯುವ ಆಸಿಡ್ ಜತೆಗಾಗಲಿ ಎಂದೂ ಬೆರೆಸಬೇಡಿ. ಅದರಿಂದ ಬರುವ ಕ್ಲೋರಿನ್ ಹೊಗೆ ಮುಚ್ಚಿದ ಗಾಡಿಯೊಳಗೆ ಪ್ರಾಣಕ್ಕೇ ಅಪಾಯ.

ಲಗೇಜ್ ಆಟೋ, ಟಾಟಾ ಏಸ್, ಪಿಕಪ್‌ಗಳ ಹಿಂದಿನ ತಗಡಿನ ತೊಟ್ಟಿಯನ್ನು ಮಾತ್ರ ಧಾರಾಳವಾಗಿ ತೊಳೆಯಬಹುದು. ಮೂಲೆಯಲ್ಲಿ ಗಟ್ಟಿಯಾದ ಫೀಡು, ಸಗಣಿ ಕೆರೆದು ತೆಗೆಯಿರಿ. ನೀರು ಹೋಗುವ ತೂತು ಬಿಡಿಸಿ. ಪೂರ್ತಿ ಒಣಗುವವರೆಗೆ ಯಾವ ಚೀಲವನ್ನೂ ಹಾಕಬೇಡಿ.

ಊದಿನಕಡ್ಡಿ, ಕರ್ಪೂರ, ಮಲ್ಲಿಗೆ ಡಬ್ಬಿ ಇವೆಲ್ಲ ವಾಸನೆ ಮುಚ್ಚುತ್ತವೆ ಅಷ್ಟೇ. ಮುಗ್ಗಲು ವಾಸನೆ ನಮಗೆ ಎಚ್ಚರಿಕೆ ಕೊಡುವ ಗಂಟೆ. ಗಂಟೆಗೆ ಬಟ್ಟೆ ಸುತ್ತಿದರೆ ಬೆಂಕಿ ಆರುವುದಿಲ್ಲ.

ಮತ್ತೆ ಬಾರದಂತೆ

ಬಾರದಂತೆ ನೋಡಿಕೊಳ್ಳುವುದು ತೆಗೆಯುವುದಕ್ಕಿಂತ ಸುಲಭ. ಗಾಡಿ ಗೋಡೌನ್ ಅಲ್ಲ. ಫೀಡು ಬಂದ ದಿನವೇ ಇಳಿಸಿ, ಒಳಗೆ ಹಲಗೆ ಅಥವಾ ಇಟ್ಟಿಗೆಯ ಮೇಲೆ, ಗೋಡೆಗೆ ತಾಗದಂತೆ ಇಡಿ. ಹಸಿ ಹುಲ್ಲು ಹಾಕಿದ ಟ್ರಿಪ್ಪಿನಲ್ಲೇ ಫೀಡು, ಹಿಂಡಿ ಹಾಕಬೇಡಿ. ಅಂತರಸನಹಳ್ಳಿ ಮಾರುಕಟ್ಟೆಗೆ ಸೊಪ್ಪು ತರಕಾರಿ ಹಾಕಿಕೊಂಡು ಹೋದ ಗಾಡಿ ವಾಪಸ್ ಬರುವಾಗ ಫೀಡು ಹೊತ್ತು ತರುತ್ತದೆ. ನಡುವೆ ಒಂದು ಸಲ ಒಣ ಬಟ್ಟೆಯಲ್ಲಿ ಒರೆಸಿ, ಕೆಳಗೆ ಒಣ ಹಲಗೆ ಹಾಕಿಸಿ. ಟಾರ್ಪಾಲನ್ನು ಒದ್ದೆಯಾಗಿ ಮಡಚಿ ಸೀಟಿನ ಹಿಂದೆ ತುರುಕಬೇಡಿ. ಕ್ಯಾನಿನ ಮುಚ್ಚಳದ ರಬ್ಬರು ಸಡಿಲವಿದ್ದರೆ ಬದಲಾಯಿಸಿ. ಹಾಲು ಚೆಲ್ಲಿದರೆ ಅವತ್ತೇ ಒರೆಸಿ. ವಾರಕ್ಕೊಂದು ಸಲ ಎರಡು ಗಂಟೆ ಬಿಸಿಲಲ್ಲಿ ಬಾಗಿಲು ತೆಗೆದಿಟ್ಟರೆ ಅರ್ಧ ಕೆಲಸ ಆದಂತೆಯೇ.

ಇಷ್ಟಾದರೂ ಚೀಲಕ್ಕೆ ಬೂಷ್ಟು ಬಂದರೆ? ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಬಿಸಾಡಿ. ಬಿಸಿಲಿಗೆ ಒಣಗಿಸಿ ಹಾಕುತ್ತೇವೆ ಅನ್ನುತ್ತೀರಿ. ಒಣಗಿದರೆ ಬೂಷ್ಟು ಬೆಳೆಯುವುದು ನಿಲ್ಲಬಹುದು, ಆಗಲೇ ಬಿಟ್ಟ ವಿಷ ಹೋಗುವುದಿಲ್ಲ. ಕರೆಯದ ಹಸುವಿಗೆ ಹಾಕುತ್ತೇವೆ ಅನ್ನುತ್ತೀರಿ. ಆ ಹಸು ಗಬ್ಬದಲ್ಲಿರುತ್ತದೆ. ಕೋಳಿಗೆ ಚೆಲ್ಲುತ್ತೇವೆ ಅನ್ನುತ್ತೀರಿ. ಹಕ್ಕಿಗಳಿಗೆ ಈ ವಿಷ ತಡೆಯುವ ಶಕ್ತಿ ಇನ್ನೂ ಕಡಿಮೆ. ದನ, ಕೋಳಿ ಬಾಯಿ ಹಾಕದ ಹಾಗೆ ಗುಂಡಿ ತೋಡಿ ಮುಚ್ಚಿಬಿಡಿ. 2021ರ ನವೆಂಬರ್‌ನ ಅಕಾಲದ ಮಳೆಗೆ ಕೊಯ್ದ ರಾಗಿ ಹೊಲದಲ್ಲೇ ನೆನೆದು ಹುಲ್ಲೆಲ್ಲ ಕಪ್ಪಾದಾಗಲೂ ಇದೇ ಮಾತು ಹೇಳಿದ್ದೆವು. ಮೇವಿಲ್ಲದ ಕಾಲದಲ್ಲಿ ಮೇವು ಬಿಸಾಡಿ ಅನ್ನುವುದು ಸುಲಭದ ಮಾತಲ್ಲ, ಗೊತ್ತು.

ಆದರೂ ನಿಮ್ಮ ಪಾಸ್‌ಬುಕ್ ತೆಗೆದು ಲೆಕ್ಕ ಹಾಕಿ. 50 ಕೆ.ಜಿ. ಚೀಲದಲ್ಲಿ ಹತ್ತು ಕೆ.ಜಿ. ಕೆಟ್ಟಿತು ಅನ್ನಿ. ಆ ಭಾಗದಿಂದ ವಾಸನೆ ಚೀಲಕ್ಕೆಲ್ಲ ಹರಡಿದ್ದರೆ ಇಡೀ ಚೀಲ ಹೋಯಿತು ಅನ್ನಿ. ಒಂದು ಹಸು ದಿನಕ್ಕೆ ಎರಡು ಲೀಟರ್ ಇಳಿಸಿ ಹದಿನೈದು ದಿನ ಹಾಗೇ ನಿಂತರೆ 30 ಲೀಟರ್ ಹಾಲು. ಅದರ ದುಡ್ಡು, ಔಷಧಿಯ ಖರ್ಚು, ಬೆದೆ ತಪ್ಪಿದರೆ ಆಗುವ ನಷ್ಟ ಕೂಡಿಸಿ ನೋಡಿ. ಯಾವುದು ದುಬಾರಿ ಎಂದು ನಿಮಗೇ ಕಾಣುತ್ತದೆ.

ಇದು ಯಾರ ಕೆಲಸ?

ಈ ಲೇಖನ ಓದಿ "ಇನ್ನು ಗಾಡಿ ತೊಳೆಯುವುದೂ ನಮ್ಮ ತಲೆಗೇ ಬಂತಾ" ಎಂದು ನೀವು ಬೈದುಕೊಳ್ಳಬಾರದು. ಸಗಣಿ ಬಾಚುವುದು, ಹಾಲು ಕರೆಯುವುದು, ಹುಲ್ಲು ಕೊಯ್ಯುವುದು, ಡೇರಿಗೆ ಹೋಗಿ ಸರದಿಯಲ್ಲಿ ನಿಲ್ಲುವುದು ಎಲ್ಲವನ್ನೂ ನೀವೇ ಮಾಡುತ್ತೀರಿ. ಗಾಡಿಯ ಕೀ ಮಾತ್ರ ಗಂಡಸರ ಜೇಬಿನಲ್ಲಿರುತ್ತದೆ. ಓಡಿಸುವವರೇ ಒರೆಸಲಿ. ನೀವು ಮಾಡಬೇಕಾದದ್ದು ವಾಸನೆ ಬಂದ ದಿನವೇ ಬಾಯಿ ಬಿಟ್ಟು ಹೇಳುವುದು. "ಈ ಗಾಡೀಲಿ ಇವತ್ತು ಫೀಡು ಬರೋ ಹಾಗಿಲ್ಲ" ಅನ್ನುವುದು. ಹಾಲು ಹುಳಿಯಾದರೆ ಕ್ಯಾನು ತೆಗೆದ ತಕ್ಷಣ ಹೇಳುವ ಮೂಗು ನಿಮ್ಮದು. ಆ ಮೂಗನ್ನು ನಂಬಿ. ಮನೆಯವರೂ ನಂಬಲಿ.

ಬಾಡಿಗೆ ಗಾಡಿಯಲ್ಲಿ ಫೀಡು ತರಿಸುವವರು ಸಂಘದ ಸಭೆಯಲ್ಲಿ ಈ ವಿಷಯ ಎತ್ತಬೇಕು. ಸಂಘಕ್ಕೆ ಫೀಡು ತರುವ ಗಾಡಿಯ ತೊಟ್ಟಿ ಒಣಗಿದೆಯೇ ಎಂದು ನೋಡಿಯೇ ಲೋಡು ಮಾಡಿಸುವುದು, ಜಡಿಮಳೆಯಲ್ಲಿ ಇಳಿಸದಿರುವುದು, ಸಂಘದ ಕೋಣೆಯಲ್ಲಿ ಹಲಗೆ ಹಾಕುವುದು, ತಳ ಒದ್ದೆಯಾದ ಚೀಲವನ್ನು ವಾಪಸ್ ಮಾಡುವುದು. ಇವಕ್ಕೆ ದೊಡ್ಡ ಖರ್ಚಿಲ್ಲ, ಒಂದು ಠರಾವು ಸಾಕು. ಮಹಿಳಾ ಸಂಘಗಳು ಮೊದಲು ಮಾಡಿ ತೋರಿಸಿದರೆ ಉಳಿದವರು ಹಿಂದೆ ಬರುತ್ತಾರೆ.

ನಮ್ಮ ಕಡೆಯ ತಪ್ಪೂ ಒಪ್ಪಿಕೊಳ್ಳುತ್ತೇನೆ. ಹಸು ಮೇವು ಬಿಟ್ಟಿದೆ ಎಂದರೆ ನಾವು ವೈದ್ಯರು ಬಾಯಿ, ಹೊಟ್ಟೆ, ಕೆಚ್ಚಲು ನೋಡುತ್ತೇವೆ. ಫೀಡು ಎಲ್ಲಿಟ್ಟಿದ್ದಿರಿ, ಯಾವ ಗಾಡಿಯಲ್ಲಿ ಬಂತು ಎಂದು ಕೇಳುವವರು ಕಡಿಮೆ. ಗುಬ್ಬಿಯ ಆ ಅಕ್ಕನ ಮನೆಯಿಂದ ಬಂದ ಮೇಲೆ ನಾನು ಕೇಳುತ್ತಿದ್ದೇನೆ. ನನ್ನ ಕಾರಿನ ಹಿಂದಿನ ಸೀಟಿನಲ್ಲಿ ಈಗ ಒದ್ದೆ ರೇನ್‌ಕೋಟು ಇರುವುದಿಲ್ಲ, ಅದಕ್ಕೊಂದು ಪ್ಲಾಸ್ಟಿಕ್ ಟಬ್ಬು ಇಟ್ಟಿದ್ದೇನೆ.

ಈ ಆಯುಧಪೂಜೆಗೆ ಗಾಡಿಗೆ ಹಾರ ಹಾಕುವ ಮೊದಲು ಒಂದು ಸಲ ಬಾಗಿಲು ತೆಗೆಯಿರಿ, ಮ್ಯಾಟು ಎತ್ತಿ ನೋಡಿ, ಉಸಿರೆಳೆದು ನೋಡಿ. ವಾಸನೆ ಬಂದರೆ ಬೂದುಗುಂಬಳ ಒಡೆಯುವುದು ಅರ್ಧ ದಿನ ತಡವಾದರೂ ಪರವಾಗಿಲ್ಲ.

ನಿಮಗೆಲ್ಲರಿಗೂ ದಸರಾ ಹಬ್ಬದ ಶುಭಾಶಯಗಳು.

ನಿಮ್ಮ ಡಾಕ್ಟ್ರಮ್ಮ,
ಪಶುವೈದ್ಯಾಧಿಕಾರಿ